ಗೇಟಿನ ಪಕ್ಕದ ಕೋಲು

“ಆ ಕೈ ತೆಗಿ.”

ಚಿಕ್ಕವನು ಶವಪೆಟ್ಟಿಗೆಯ ಹಿಡಿಗೆ ಬೆರಳು ತೂರಿಸಿ, ಮೊಣಕಾಲು ಬಾಗಿಸಿ, ಎತ್ತುವುದಕ್ಕೆಂದು ಉಸಿರು ತುಂಬಿಕೊಂಡಿದ್ದ. ಇನ್ನೂ ಐದು ಜನ ಹಾಗೆಯೇ ಬಾಗಿದ್ದರು. ಒಂದು, ಎರಡು ಎಂದು ಸೋದರಮಾವ ಎಣಿಸಿಯೂ ಆಗಿತ್ತು. ಮೂರು ಬರಬೇಕಾದ ಕಡೆ ಅಣ್ಣನ ದನಿ ಬಂತು.

“ನಿನಗೇ ಹೇಳ್ತಿರೋದು. ಅಮ್ಮನ ಬಳ್ಳೀನ ಬುಡಸಮೇತ ಕಿತ್ತು ಕೊಂದ ಕೈ ಅದು. ಅದೇ ಕೈಯಲ್ಲಿ ಅವಳನ್ನ ಎತ್ತಬೇಡ.”

ನಡುಮನೆಯಲ್ಲಿ ಮೂವತ್ತು ಜನರಿದ್ದರು. ಬೀದಿಯವರು, ಅಣ್ಣನ ಕಚೇರಿಯವರು, ಅಮ್ಮನ ಜೊತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದ ನಾಲ್ಕೈದು ಮುದುಕಿಯರು. ಅತ್ತಿಗೆ “ರೀ, ಇವತ್ತಾದ್ರೂ…” ಎಂದು ಶುರು ಮಾಡಿ, ಗಂಡನ ಮುಖ ನೋಡಿ, ಉಳಿದದ್ದನ್ನು ನುಂಗಿಕೊಂಡಳು.

ಚಿಕ್ಕವನು ಕೈ ತೆಗೆದ. ಅಣ್ಣನ ಕಚೇರಿಯ ಟೈ ಕಟ್ಟಿದವನೊಬ್ಬ, ಸತ್ತವಳನ್ನು ಎರಡು ಸಲವೂ ನೋಡಿರದವನು, ಖಾಲಿಯಾದ ಹಿಡಿಗೆ ಬಂದು ನಿಂತ. ಭಾರ ಎತ್ತಿ ರೂಢಿಯಿಲ್ಲದ ಮೈ. ಪೆಟ್ಟಿಗೆ ಮೇಲೇಳುತ್ತಲೇ ಆ ಮೂಲೆ ಕೆಳಗೆ ಜಗ್ಗಿತು. ಚಿಕ್ಕವನ ಬಲಗೈ ತಾನಾಗಿ ಮುಂದೆ ಹೋಯಿತು. ಅವನು ಅದನ್ನು ಎಡಗೈಯಿಂದ ಹಿಡಿದುಕೊಂಡ.

ಗೇಟು ಕಿರಿದು. ಆರು ಜನ ಒಟ್ಟಿಗೆ ದಾಟುವ ಹಾಗಿರಲಿಲ್ಲ. ಇಬ್ಬಿಬ್ಬರಾಗಿ ಸರಿದು, ಪೆಟ್ಟಿಗೆಯನ್ನು ಕೊಂಚ ಓರೆ ಮಾಡಿದಾಗ, ಅದರ ಪಕ್ಕೆ ಗೇಟಿನ ಹತ್ತಿರ ನೆಟ್ಟಿದ್ದ ಒಂದು ಕೋಲಿಗೆ ಉಜ್ಜಿತು. ಎದೆಯೆತ್ತರದ ಕೋಲು, ಮಣಿಕಟ್ಟಿನಷ್ಟು ದಪ್ಪ, ತುದಿ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಒಂದು ಕಬ್ಬಿಣದ ಪೈಪಿಗೆ ಬಟ್ಟೆಯ ಪಟ್ಟಿಯಿಂದ ಕಟ್ಟಿದ್ದರು. ಬೀದಿಯ ಗಿಡಗಳೆಲ್ಲ ಆಗಲೇ ಚಿಗುರಿದ್ದವು. ಇದರಲ್ಲಿ ಒಂದು ಎಲೆಯಿಲ್ಲ. ಅಮ್ಮನ ವಿಸ್ಟೇರಿಯಾ ಬಳ್ಳಿ ಎಂದರೆ ಈಗ ಇಷ್ಟೇ.

ಅದು ಮೊದಲು ಇದ್ದ ಜಾಗ ಮನೆಯ ಪಕ್ಕದ ಗೋಡೆ. ಹಿಂದೆ ಬಣ್ಣ ಬಳಿದವರು ಬಳ್ಳಿಯನ್ನು ಬಿಚ್ಚುವ ಗೋಜಿಗೆ ಹೋಗದೆ ಅದರ ಸುತ್ತ ಬಳಿದು ಹೋಗಿದ್ದರು. ಬಳ್ಳಿ ಹೋದ ಮೇಲೆ ಹಳೆಯ ಬಣ್ಣದಲ್ಲಿ ಅದರ ಆಕಾರ ಉಳಿದಿತ್ತು. ಬುಡದಲ್ಲಿ ಒಂದು ದಪ್ಪ ಗೆರೆ, ಕಿಟಕಿಯ ಮೇಲೆ ಎರಡು ಕವಲು, ಸೂರಿನ ಕೆಳಗೆ ಬೆರಳುಗಳ ಹಾಗೆ ಹತ್ತಾರು.

“ನೀನು ನನ್ನ ಜೊತೆ ಬಾ,” ಎಂದು ಯಾರೋ ಅವನ ತೋಳು ಹಿಡಿದರು. ಜೋಡಿ ಚಿಕ್ಕಮ್ಮ. ಅಮ್ಮನ ಲಾಂಡ್ರಿಯ ಜೋಡಿ. ಅವಳ ನಿಜವಾದ ಹೆಸರು ಈ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

* * *

ಲಾಂಡ್ರಿಯಲ್ಲಿ ಅಮ್ಮ ಇಪ್ಪತ್ತೊಂಬತ್ತು ವರ್ಷ ಹಾಸಿಗೆಯ ಬಟ್ಟೆ ಮಡಿಸಿದಳು. ಬಿಸಿ ಉರುಳೆಗಳ ನಡುವಿನಿಂದ ಬಟ್ಟೆ ಹಪ್ಪಳದಂತೆ ಹೊರಗೆ ಬರುತ್ತಿತ್ತು. ಒಬ್ಬಳು ಎರಡು ತುದಿ, ಇನ್ನೊಬ್ಬಳು ಎರಡು ತುದಿ. ಜಗ್ಗಿ ನೇರ ಮಾಡಬೇಕು, ಅರ್ಧ ಮಾಡಬೇಕು, ಎದುರುಬದುರಾಗಿ ನಡೆದು ಬಂದು ತುದಿ ಒಪ್ಪಿಸಬೇಕು, ಹಿಂದೆ ಸರಿಯಬೇಕು, ಮತ್ತೆ ಬರಬೇಕು. ದಿನಕ್ಕೆ ಆರುನೂರು. “ಕಟ್ಟಿಕೊಂಡವನ ಮುಖವನ್ನ ಇಷ್ಟು ಹತ್ತಿರದಿಂದ ಇಷ್ಟು ಸಲ ನೋಡಿಲ್ಲ ಕಣೇ,” ಎಂದು ಜೋಡಿ ಹೇಳಿದರೆ, “ನೋಡೋಕೆ ನನ್ನವನಾದ್ರೂ ಎಲ್ಲಿದ್ದ,” ಎನ್ನುತ್ತಿದ್ದಳು ಅಮ್ಮ. ಮಕ್ಕಳ ಅಪ್ಪ ಲಾರಿ ಓಡಿಸುತ್ತಿದ್ದ. ಒಂದು ಸಲ ಹೋದವನು ಬರಲಿಲ್ಲ. ಲಾರಿ ಮಾತ್ರ ಬಂತು, ಬೇರೆ ಡ್ರೈವರ್ ಜೊತೆ.

ಲಾಂಡ್ರಿಯ ಹಿಂದೆ ಬಾಯ್ಲರ್ ಕೋಣೆಯ ಗೋಡೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಅದರ ಮೇಲೆ ಆ ಬಳ್ಳಿ ಹಬ್ಬಿತ್ತು. ವರ್ಷಕ್ಕೆ ಮೂರು ವಾರ ಮೊಳದುದ್ದದ ನೇರಳೆ ಗೊಂಚಲುಗಳು ಗೋಡೆಯ ತುಂಬ ಇಳಿಬಿದ್ದು, ಗಂಜಿಯ ವಾಸನೆಯನ್ನು ಮುಚ್ಚಿಹಾಕುತ್ತಿದ್ದವು. ಆಸ್ಪತ್ರೆಯ ಮಾಲಿ ಅದರ ಹೆಸರು ಹೇಳಿಕೊಟ್ಟ. ವಿಸ್ಟೇರಿಯಾ. ಅಮ್ಮನ ನಾಲಿಗೆಗೆ ಅದು ಹೊರಳಲೇ ಇಲ್ಲ. ಬಳ್ಳಿ ಅಂದಳು, ಕೊನೆಯವರೆಗೂ ಅಷ್ಟೇ ಅಂದಳು.

“ಬೀಜ ಹಾಕಿದ್ರೆ ಹೂವು ನೋಡೋಕೆ ನಿನ್ನ ಮೊಮ್ಮಕ್ಕಳು ಬರಬೇಕು,” ಎಂದ ಮಾಲಿ. “ಹೂ ಬಿಟ್ಟ ಬಳ್ಳೀದೇ ಒಂದು ಎಳೆ ಬಗ್ಗಿಸಿ ಹೂಳು. ಅಲ್ಲೇ ಬೇರು ಬಿಡಲಿ. ಆಮೇಲೆ ಕತ್ತರಿಸಿ ಒಯ್ಯಿ. ನಾನು ನೋಡಿಲ್ಲ.”

ತಂತಿಯ ಹ್ಯಾಂಗರ್ ಒಂದನ್ನು ಮುರಿದು, ಅದರಿಂದ ಎಳೆಯನ್ನು ನೆಲಕ್ಕೆ ಕಚ್ಚಿಸಿ, ಮೇಲೊಂದು ಇಟ್ಟಿಗೆ ಇಟ್ಟಳು. ಒಂದು ವರ್ಷ ಊಟದ ಬಿಡುವಿನಲ್ಲಿ ಹೋಗಿ ಇಟ್ಟಿಗೆ ನೋಡಿ ಬರುತ್ತಿದ್ದಳು. ಇಟ್ಟಿಗೆಯನ್ನ ಹೀಗೆ ನೋಡೋ ಹೆಂಗಸು ಇನ್ನೊಬ್ಬಳಿಲ್ಲ ಎಂದು ಲಾಂಡ್ರಿಯೆಲ್ಲ ನಕ್ಕಿತು. ಆ ಎಳೆ ಅವಳ ಕ್ವಾರ್ಟರ್ಸಿನ ಗೋಡೆಗೆ ಬಂತು. ನಾಲ್ಕನೇ ವರ್ಷ ಹೂ ಬಿಟ್ಟಿತು.

ಕತ್ತರಿ ಅವಳ ಏಪ್ರನ್ನಿನ ಜೇಬು ಸೇರಿದ್ದು ಆವಾಗ. ಹೂ ಉದುರಿದ ಮೇಲೆ ಚಾಟಿಯಂತೆ ಚಾಚುವ ಹೊಸ ಎಳೆಗಳನ್ನು ಐದಾರು ಎಲೆ ಬಿಟ್ಟು ಕತ್ತರಿಸಬೇಕು. ಚಳಿಯಲ್ಲಿ ಎಲೆ ಕಳಚಿ ನಿಂತಾಗ ಅವೇ ತುಂಡುಗಳನ್ನು ಎರಡು ಮೊಗ್ಗಿನ ಮಟ್ಟಕ್ಕೆ ಇಳಿಸಬೇಕು. ವರ್ಷಕ್ಕೆ ಎರಡು ಸಲ, ತಪ್ಪಿಸುವ ಹಾಗಿಲ್ಲ. “ಒಂದು ವರ್ಷ ಕಣ್ಣು ಬೇರೆ ಕಡೆ ಹೋಯ್ತೋ, ಇದು ಮನೆಯನ್ನೇ ಎತ್ತಿಕೊಂಡು ಹೋಗುತ್ತೆ,” ಎನ್ನುತ್ತಿದ್ದಳು. ಬೈದಂತಿರುತ್ತಿತ್ತು. ಕೈ ಮಾತ್ರ ಎಳೆಗಳನ್ನು ಒಂದೊಂದಾಗಿ ನೇವರಿಸುತ್ತಿತ್ತು.

ಚಿಕ್ಕವನಿಗೆ ಏಳು ವರ್ಷವಾದಾಗ ಕ್ವಾರ್ಟರ್ಸನ್ನು ಕೆಡವುವುದಾಗಿ ನೋಟೀಸು ಬಂತು. ಇನ್ನೂ ಒಂದೂವರೆ ವರ್ಷವಿತ್ತು. ಉಳಿದವರು ಮನೆ ಹುಡುಕಲು ಹೊರಟರು, ಅಮ್ಮ ಸಲಿಕೆ ಹುಡುಕಿದಳು. ಆ ಚಳಿಗಾಲ ಬುಡದ ಸುತ್ತ ಅರ್ಧ ಉಂಗುರ ತೋಡಿ, ಸಿಕ್ಕ ಬೇರು ಕತ್ತರಿಸಿ, ಜರಡಿ ಹಿಡಿದ ಮಣ್ಣು ತುಂಬಿದಳು. ಮುಂದಿನ ಚಳಿಗೆ ಇನ್ನರ್ಧ. “ಎಲ್ಲ ಒಂದೇ ಸಲ ಕಡಿದ್ರೆ ಗಾಬರಿಯಾಗುತ್ತೆ ಅದಕ್ಕೆ. ಹೊರಡಬೇಕು ಅಂತ ಮೊದಲೇ ಗೊತ್ತಾಗಬೇಕು.”

ಹೊರಟ ದಿನ ಬೇರಿನ ಉಂಡೆಯನ್ನು ಆಸ್ಪತ್ರೆ ಎಸೆದಿದ್ದ ಹಾಸಿಗೆಬಟ್ಟೆಯಲ್ಲಿ ಸುತ್ತಿ, ಲಾಂಡ್ರಿಯ ತಳ್ಳುಗಾಡಿಯಲ್ಲಿಟ್ಟರು. ಜೋಡಿ ಚಿಕ್ಕಮ್ಮ ಮುಂದೆ ಎಳೆದಳು, ಅಮ್ಮ ಹಿಂದೆ ತಳ್ಳಿದಳು. ಚಿಕ್ಕವನು ಗಾಡಿಯ ಮೇಲೆ ಕೂತು ಕಾಂಡವನ್ನು ಅಪ್ಪಿಕೊಂಡಿದ್ದ. ಅಣ್ಣನಿಗೆ ಹದಿನಾಲ್ಕು. ಅವನು ರಸ್ತೆಯ ಆಚೆ ಬದಿಯಲ್ಲಿ, ಹತ್ತು ಹೆಜ್ಜೆ ಹಿಂದೆ, ಬೇರೆ ಯಾರದೋ ಮನೆಯ ಹುಡುಗನಂತೆ ನಡೆಯುತ್ತಿದ್ದ. ಸ್ಕೂಲಿನ ಗೆಳೆಯರು ಎದುರಾದಾಗ ಅವನು ಒಂದು ಅಂಗಡಿಯ ಗಾಜಿಗೆ ಮುಖ ಹಚ್ಚಿ ನಿಂತುಬಿಟ್ಟ.

ಅಮ್ಮ ಅದನ್ನು ನೋಡಿದಳು. ನೋಡಿ, ಗಾಡಿಯನ್ನು ಜೋರಾಗಿ ತಳ್ಳತೊಡಗಿದಳು. “ಯಾಕೆ ಓಡ್ತಿದ್ದೀಯೇ, ಮಾರಾಯ್ತಿ?” ಎಂದು ಜೋಡಿ ಏದುಸಿರು ಬಿಟ್ಟರೆ, “ಅವನಿಗೆ ಬೇಗ ಮುಗೀಲಿ,” ಅಂದಳು.

ಬಾಡಿಗೆಗೆಂದು ಹೋದ ಆ ಮನೆಯೇ ಈಗಿನ ಮನೆ. ದೊಡ್ಡವನು ದುಡಿಯತೊಡಗಿದ ಮೇಲೆ ಅದನ್ನು ಕೊಂಡ, ಮೇಲೊಂದು ಅಂತಸ್ತು ಎಬ್ಬಿಸಿದ. ಬಳ್ಳಿ ಮೂರು ವರ್ಷ ಮುನಿಸಿಕೊಂಡಿದ್ದು, ಆಮೇಲೆ ಹೂ ಬಿಟ್ಟಿತು.

* * *

ಸ್ಮಶಾನದಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅಣ್ಣ ಹಾಕುವಾಗ ಸದ್ದು ಮಾಡದೆ ಅತ್ತ. ಅತ್ತಿದ್ದು ಸುಳ್ಳಲ್ಲ. ಅದೇ ಚಿಕ್ಕವನಿಗೆ ಇನ್ನೂ ಹೊಟ್ಟೆ ಉರಿಸಿತು. ಸುಳ್ಳಾಗಿದ್ದರೆ ಬೈದುಕೊಂಡಾದರೂ ಹೋಗಬಹುದಿತ್ತು.

ಅವನು ಗುಂಡಿಯ ಅಂಚನ್ನು ನೋಡುತ್ತಿದ್ದ. ನೀರಿನ ಕೊಳವೆ ಹಾಕುವ ಕಂಟ್ರಾಕ್ಟರನ ಹತ್ತಿರ ಹದಿನೆಂಟು ವರ್ಷದಿಂದ ಕಾಲುವೆ ತೋಡುವವನು ಅವನು, ಕಣ್ಣು ಬೇರೆ ಕಡೆ ಹೋಗುವುದಿಲ್ಲ. ಗುಂಡಿಯ ಗೋಡೆ ನೆಟ್ಟಗಿತ್ತು. ತೆಗೆದ ಮಣ್ಣನ್ನು ಅಂಚಿಗೆ ತೀರ ಹತ್ತಿರ ಸುರಿದಿದ್ದರು. ಟೈ ಕಟ್ಟಿದವನು ಅದರ ಮೇಲೆಯೇ ನಿಂತಿದ್ದ. “ಸ್ವಲ್ಪ ಈಚೆ ಬನ್ನಿ ಸಾರ್, ಕುಸಿಯುತ್ತೆ,” ಎಂದ ಚಿಕ್ಕವನು. ಆ ದಿನ ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು.

“ದಿನಾ ಬೆಳಗ್ಗೆ ಆ ಒಣಗಿದ ಕೋಲಿನ ಮುಂದೆ ಮೋಟು ಸ್ಟೂಲು ಹಾಕ್ಕೊಂಡು ಕೂರ್ತಿದ್ಲಂತೆ ನಮ್ಮಕ್ಕ,” ಸೋದರಮಾವ ಪಕ್ಕದವರಿಗೆ ಹೇಳುತ್ತಿದ್ದ. ಅವನಿಗೆ ಕಿವಿ ಮಂದ, ಗುಟ್ಟು ಹೇಳಿದರೂ ಇಡೀ ಸ್ಮಶಾನಕ್ಕೆ ಕೇಳುತ್ತಿತ್ತು. “ಥಂಡಿಯಲ್ಲೂ ಬಿಡ್ತಿರಲಿಲ್ಲವಂತೆ. ಅದೇ ಎದೆಗೆ ಇಳೀತು. ಅವನು ಬಳ್ಳಿ ಒಂದನ್ನೇ ಕೊಂದನಾ, ನೀವೇ ಹೇಳಿ.”

ಎಲ್ಲರೂ ಹೊರಟ ಮೇಲೆ ಗುಂಡಿ ತೋಡಿದ ಇಬ್ಬರು ಸಲಿಕೆ ಹಿಡಿದು ಬಂದರು. ಚಿಕ್ಕವನು ಕೋಟು ಬಿಚ್ಚಿ ಜೋಡಿ ಚಿಕ್ಕಮ್ಮನ ಕೈಗೆ ಕೊಟ್ಟ.

“ಒಂದು ನನಗೆ ಕೊಡಿ.”

“ಬೇಡಿ ಸಾರ್. ಬೆನ್ನು ಹಿಡ್ಕೊಳ್ಳುತ್ತೆ.”

“ನಾನೂ ಇದೇ ಕೆಲಸದವನು.”

ಅವರಲ್ಲಿ ಹಿರಿಯವನು ಅವನ ಅಂಗೈ ನೋಡಿ ಸಲಿಕೆ ಕೊಟ್ಟ. ಅರ್ಧ ತಾಸು ಮೂವರೂ ಮಣ್ಣೆಳೆದರು. ಹೆಂಟೆ ಸಿಕ್ಕರೆ ಚಿಕ್ಕವನು ಸಲಿಕೆಯ ಬೆನ್ನಿನಿಂದ ಒಡೆದು ಹಾಕುತ್ತಿದ್ದ. ಮಣ್ಣು ಮಟ್ಟಕ್ಕೆ ಬಂದಾಗ ಹಿರಿಯವನು ತುಳಿಯಲು ಕಾಲೆತ್ತಿದ.

“ಬೇಡ. ಬಿಡಿ.”

“ತುಳಿದಿಲ್ಲ ಅಂದ್ರೆ ಮಳೆಗೆ ಕೂರುತ್ತೆ.”

“ಕೂರಲಿ. ನಾನು ಬಂದು ಹಾಕ್ತೀನಿ.”

ಕಲ್ಲುಬೆಂಚಿನ ಮೇಲೆ ಜೋಡಿ ಚಿಕ್ಕಮ್ಮ ಅವನ ಕೋಟನ್ನು ತೊಡೆಯ ಮೇಲೆ ಮಡಿಸಿ ಇಟ್ಟುಕೊಂಡು ಕೂತಿದ್ದಳು. ಅವನು ಪಕ್ಕದಲ್ಲಿ ಕುಸಿದು ಕೂತ.

“ಇನ್ನು ಹೇಳಿಬಿಡೋ,” ಎಂದಳು. “ಅವಳೇ ಹೋದ ಮೇಲೆ ಯಾರಿಗೋಸ್ಕರ ಬಾಯಿ ಮುಚ್ಕೊಂಡಿರ್ತೀಯ? ಮೂವತ್ತು ಜನರ ಮುಂದೆ ಪೆಟ್ಟಿಗೆ ಮುಟ್ಟಬೇಡ ಅಂದನಲ್ಲ. ನನ್ನ ಮೈಯೆಲ್ಲ ಉರಿದುಹೋಯ್ತು. ನೀನು ಹೇಳಲ್ಲ ಅಂದ್ರೆ ನಾನೇ ಹೇಳ್ತೀನಿ.”

“ಏನಂತ ಹೇಳ್ತೀಯ?”

“ನಡೆದಿದ್ದು. ಅವಳೇ ಕೀಳಿಸಿದ್ಲು ಅಂತ.”

“ಯಾಕೆ ಕೀಳಿಸಿದ್ಲು ಅಂತ ಕೇಳ್ತಾರಲ್ಲ, ಆಗ?”

ಅವಳು ಕೋಟಿನ ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು.

“ಹೆತ್ತ ಮಗನಿಗೆ ಹೆದರಿ ಕೀಳಿಸಿದ್ಲು ಅನ್ನಬೇಕು. ಇವತ್ತು. ಎಲ್ಲರ ಮುಂದೆ.” ಅವನು ಬೂಟಿನ ಮಣ್ಣನ್ನು ಕಲ್ಲಿಗೆ ಕೆರೆದ. “ಹೇಳೋ ಹಾಗಿದ್ರೆ ಆ ದಿನವೇ ಹೇಳ್ತಿದ್ದೆ ಚಿಕ್ಕಮ್ಮ. ನನಗೇನು ಹೊತ್ಕೊಳ್ಳೋಕೆ ಖುಷೀನಾ?”

“ಮತ್ತೆ ಆ ಬಳ್ಳಿ? ಅದಾದ್ರೂ ನಿಜವಾಗಿ…”

“ಗೊತ್ತಿಲ್ಲ. ಫೋನ್ ಮಾಡಿದಾಗೆಲ್ಲ ಕೇಳ್ತಿದ್ದೆ, ಬಳ್ಳಿ ಹೇಗಿದೆ ಅಂತ. ‘ಇದೆ’ ಅಂತಿದ್ಲು. ಅಷ್ಟೇ. ಬೀಳದೆ ನಿಂತಿದೆ ಅಂತಲೋ, ನನ್ನನ್ನ ಸಮಾಧಾನ ಮಾಡೋಕೋ. ಬಂದಾಗ ನಾಲ್ಕು ಸಲ ಗೇಟು ದಾಟಿದ್ದೀನಿ. ಒಂದು ಸಲವೂ ಅದನ್ನ ನೆಟ್ಟಗೆ ನೋಡೋಕೆ ಆಗಲಿಲ್ಲ. ಕಿತ್ತ ಕೈ ಇದೇ ಅಲ್ವಾ. ಅಣ್ಣ ಹೇಳಿದ್ರಲ್ಲಿ ಅಷ್ಟು ನಿಜ.”

* * *

ಬಳ್ಳಿ ಕೀಳುವುದಕ್ಕೆ ಮುಂಚೆ, ಕೆಲಸಕ್ಕೆಂದು ಚಿಕ್ಕವನು ಎರಡು ವರ್ಷ ದೂರದ ಊರಿನಲ್ಲಿದ್ದ. ಅಮ್ಮನ ಮಂಡಿ ಏಣಿ ಹತ್ತುವುದನ್ನು ಬಿಟ್ಟಿತ್ತು, ಮಣಿಕಟ್ಟು ಕತ್ತರಿ ಹಿಡಿಯುವುದನ್ನು ಬಿಟ್ಟಿತ್ತು. ಎರಡು ವರ್ಷ ಬಳ್ಳಿಯನ್ನು ಹಿಡಿಯುವವರಿರಲಿಲ್ಲ. ಅದು ಮಳೆನೀರಿನ ಪೈಪನ್ನು ಒದ್ದೆ ಬಟ್ಟೆಯಂತೆ ಹಿಂಡಿತು. ಹೆಂಚಿನ ಸಂದಿಗೆ ನುಗ್ಗಿ ಹೆಂಚೆತ್ತಿತು. ಮೇಲಿನ ಕೋಣೆಯ ಸೂರು ನೆನೆದು, ಅತ್ತಿಗೆಯ ಬೀರುವಿನ ಮೇಲೆ ನೀರು ಸುರಿಯಿತು.

“ಮೊದಲನೇ ತಾರೀಕು ಮೇಸ್ತ್ರಿ ಬರ್ತಾನೆ,” ಎಂದ ದೊಡ್ಡವನು. ಅವನು ಅದನ್ನು ಅಮ್ಮನಿಗೆ ಹೇಳಿದ್ದು ಊಟದ ತಟ್ಟೆಯ ಮುಂದೆ. “ಅಷ್ಟರೊಳಗೆ ಅದು ಇರಬಾರದು. ಇದ್ರೆ ಬುಡಕ್ಕೆ ಗರಗಸ ಹಾಕ್ತೀನಿ. ಈ ಮನೆಯಲ್ಲಿ ಅದಿರಬೇಕು, ಇಲ್ಲ ನಾನಿರಬೇಕು.”

ಎರಡು ದಿನ ಬಿಟ್ಟು ಅಮ್ಮ ಚಿಕ್ಕವನಿಗೆ ಫೋನ್ ಮಾಡಿದಳು. ಅವನು ಆಗಷ್ಟೇ ವಾಪಸಾಗಿದ್ದ. “ಸಲಿಕೆ ತಗೊಂಡು ಬಾ. ಅಣ್ಣ ಕಚೇರಿಗೆ ಹೋದ ಮೇಲೆ ಬಾ.”

ಬಂದು ನೋಡಿದರೆ ಬಳ್ಳಿಯ ತುಂಬ ಮೊಗ್ಗು. ಎಲೆಯೂ ಹೊರಟಿತ್ತು.

“ಈಗ್ಲಾ? ಚಳೀಲಿ ಕೀಳಬೇಕು, ಒಂದು ವರ್ಷ ಮುಂಚೆ ಸುತ್ತು ತೋಡಿರಬೇಕು ಅಂತ ನೀನೇ ಬಡ್ಕೋತಿದ್ದೆಯಲ್ಲಮ್ಮ.”

“ವರ್ಷ ಯಾರು ಕೊಟ್ರು? ಹದಿನೆಂಟು ದಿನ ಇದೆ.” ಅವಳು ಸ್ಟೂಲಿನ ಮೇಲೆ ಕೂತು ಜೇಬಿನಿಂದ ಕತ್ತರಿ ತೆಗೆದಳು. “ಎಳೆ ಎಲ್ಲ ಇಳಿಸಿ ನನ್ನ ಕೈಗೆ ಕೊಡು.”

ಅವನು ಏಣಿ ಹತ್ತಿ ಒಂದೊಂದೇ ಬಿಚ್ಚಿ ಇಳಿಸಿದ. ಅವಳು ಎರಡೂ ಕೈಯಿಂದ ಕತ್ತರಿ ಒತ್ತಿ ಮೊಗ್ಗಿನ ಗೊಂಚಲುಗಳನ್ನು ಕತ್ತರಿಸುತ್ತ ಹೋದಳು. ಹತ್ತು, ಇಪ್ಪತ್ತು. ಮಡಿಲು ತುಂಬಿ ಚೆಲ್ಲಿತು.

“ಅದನ್ನ ಯಾಕೆ ಕತ್ತರಿಸ್ತೀಯ? ಇರೋ ಅಷ್ಟು ದಿನ ಅರಳಲಿ.”

“ಹೂವನ್ನೂ ಬೇರನ್ನೂ ಎರಡೂ ಸಾಕೋಕೆ ಅದರ ಕೈಲಾಗಲ್ಲ ಈಗ.”

ಮಧ್ಯಾಹ್ನದವರೆಗೂ ತೋಡಿದ. ಎಷ್ಟು ದೂರದಲ್ಲಿ ಸಲಿಕೆ ಇಳಿಸಬೇಕು, ಯಾವ ಬೇರು ಕಡಿಯಬೇಕು, ಯಾವುದನ್ನು ಉಳಿಸಬೇಕು ಎಂದು ಅವಳು ಕೂತಲ್ಲಿಂದಲೇ ಬೆರಳು ತೋರಿಸಿದಳು. ಒಂದು ಬೇರು ತಳಪಾಯದ ಕಲ್ಲಿನಡಿಗೆ ಹೋಗಿತ್ತು. ಅದನ್ನು ಕೊಯ್ಯುವಾಗ ಅವಳು ಮುಖ ತಿರುಗಿಸಿಕೊಂಡಳು. ತನ್ನ ಟ್ರಂಕಿನಿಂದ ಮಾಸಿದ ಹಾಸಿಗೆಬಟ್ಟೆಯೊಂದನ್ನು ತಂದುಕೊಟ್ಟಳು. ಮೂಲೆಯಲ್ಲಿ ಆಸ್ಪತ್ರೆಯ ಮುದ್ರೆ ಅಳಿಸಿಹೋಗುವ ಹಾಗಿತ್ತು. ಬೇರಿನ ಉಂಡೆಯನ್ನು ಅದರಲ್ಲಿ ಕಟ್ಟಿ, ಪೈಪುಗಳ ಮೇಲೆ ಉರುಳಿಸಿಕೊಂಡು, ಸೂರಿನಿಂದ ದೂರ, ಗೇಟಿನ ಹತ್ತಿರ ತಂದ. ಕಾಂಡದ ಮೇಲೆ ಹಳೆಯ ಮಣ್ಣಿನ ಗುರುತು ಎಲ್ಲಿತ್ತೋ ಅಷ್ಟೇ ಆಳಕ್ಕೆ ಹೂತ. ಹಿಮ್ಮಡಿಯಿಂದ ಸುತ್ತ ತುಳಿದ.

“ಇನ್ನೂ ತುಳಿ. ಬೇರಿಗೆ ಮಣ್ಣು ತಾಗಬೇಕು. ಮಧ್ಯೆ ಗಾಳಿ ಇದ್ರೆ ಸತ್ತೇಹೋಗುತ್ತೆ.”

ಕೊನೆಗೆ ಎದೆಯೆತ್ತರಕ್ಕೆ ಕತ್ತರಿಸಿದಾಗ ಉಳಿದದ್ದು ಒಂದು ಕೋಲು.

“ಅಣ್ಣ ಬಂದು ಕೇಳಿದ್ರೆ?”

ಅವಳು ಮಡಿಲಿನ ಮೊಗ್ಗುಗಳನ್ನು ಗುಂಡಿ ಮುಚ್ಚಿದ ಜಾಗಕ್ಕೆ ಕೊಡವಿದಳು. “ನಾನು ಹೇಳಿದ್ದು ಅನ್ನಬೇಡ. ನಾನು ಅಂದ್ರೆ, ಅವನ ಮಾತಿಗೆ ಹೆದರಿ ಕೀಳಿಸಿದೆ ಅಂತ ಅವನಿಗೆ ಗೊತ್ತಾಗುತ್ತೆ. ಅಮ್ಮನ್ನ ಹೆದರಿಸಿದೆ ಅನ್ನೋದು ಅವನಿಗೆ ಬೇಡ. ಅವನು ಅಂಥದ್ದನ್ನ ತಡ್ಕೊಳ್ಳಲ್ಲ. ನೀನೇ ಕಿತ್ತೆ ಅನ್ನು.”

“ನಾನು ತಡ್ಕೋತೀನಾ?”

“ನಿನ್ನ ಹೆಗಲು ಗಟ್ಟಿ ಕಣೋ.”

ಯಾವಾಗಲೂ ಇದೇ. ಗಾಡಿಯ ಮೇಲೆ ಕೂತು ಬಳ್ಳಿ ಹಿಡಿದುಕೊಂಡವನು ಅವನು. ಶಾಲೆ ಬಿಟ್ಟು ಕಾಲುವೆಗೆ ಇಳಿದವನೂ ಅವನು. ಅವನಿಗೆ ಸಲಿಕೆಯನ್ನು ಗೋಡೆಗೆ ಎಸೆಯಬೇಕೆನಿಸಿತು. ಬದಲಿಗೆ ಅದನ್ನು ತೊಳೆದ.

ಸಂಜೆ ಅಣ್ಣ ಬ್ಯಾಗು ಹಿಡಿದುಕೊಂಡೇ ಗೇಟಿನಲ್ಲಿ ನಿಂತ. “ಯಾರು ಮಾಡಿದ್ದು ಇದನ್ನ?”

“ನಾನೇ. ಮನೆ ಹಾಳಾಗ್ತಿತ್ತಲ್ಲ.”

“ಅಯ್ಯೋ ದಡ್ಡ, ಮೇಲೆ ಮೇಲೆ ಸವರಿದ್ರೆ ಸಾಕಿತ್ತಲ್ಲೋ! ಬುಡವನ್ನೇ ಕಿತ್ತಿದ್ದೀಯಲ್ಲ. ತೋಡೋದು ಬಿಟ್ರೆ ಇನ್ನೇನಾದ್ರೂ ಗೊತ್ತೇನೋ ನಿನಗೆ?”

ಗರಗಸದ ಮಾತು ಅವನಿಗೆ ನೆನಪೇ ಇರಲಿಲ್ಲ. ಆಡಿ ಒಂದು ವಾರವೂ ಆಗಿರಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಅಮ್ಮ ನಲ್ಲಿಯನ್ನು ಪೂರ್ತಿ ತಿರುಗಿಸಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

* * *

ಸ್ಮಶಾನದಿಂದ ಮನೆಗೆ ಬಂದಾಗ ಅಮ್ಮನ ಕೋಣೆಯಲ್ಲಿ ಹಾಸಿಗೆ ಹಾಗೆಯೇ ಇತ್ತು. ಜೋಡಿ ಚಿಕ್ಕಮ್ಮ ಬಟ್ಟೆ ಎಳೆದು, ಎರಡು ತುದಿ ಚಿಕ್ಕವನ ಕೈಗೆ ಕೊಟ್ಟಳು.

“ಹಿಡ್ಕೋ. ಜಗ್ಗು. ಅಷ್ಟು ಜೋರಾಗಲ್ಲ, ಇದೇನು ಪೈಪಾ? ಈಗ ಬಾ.”

ಅವನು ನಡೆದು ಬಂದ. ತುದಿ ತೆಗೆದುಕೊಳ್ಳುವಾಗ ಅವಳ ಮುಖ ಅವನ ಮುಖಕ್ಕೆ ತೀರ ಹತ್ತಿರವಿತ್ತು. ಅವಳು ಅಲ್ಲೇ ಒಂದು ಗಳಿಗೆ ನಿಂತಳು. ಆಮೇಲೆ ಹಿಂದೆ ಸರಿದು, “ಬಾ ಬಾ, ಇನ್ನೊಂದು ಮಡಿಕೆ ಇದೆ,” ಎಂದಳು.

ಬಾಗಿಲ ಹಿಂದೆ ಮೊಳೆಗೆ ಅಮ್ಮನ ಏಪ್ರನ್ ನೇತಾಡುತ್ತಿತ್ತು. ಜೋಡಿ ಚಿಕ್ಕಮ್ಮ ಅದರ ಜೇಬಿನಿಂದ ಕತ್ತರಿ ತೆಗೆದಳು. ಹಿಡಿಗೆ ಸುತ್ತಿದ್ದ ಬಟ್ಟೆ ಬೆವರಿಗೆ ಕಪ್ಪಾಗಿತ್ತು, ಅಲಗಿನ ಮೇಲೆ ಎಣ್ಣೆಯ ಪಸೆಯಿತ್ತು.

“ಇದು ನಿನಗೆ. ಯಾರನ್ನೂ ಕೇಳೋದು ಬೇಡ.”

ಅವನು ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಬಾಡಿಗೆ ಕೋಣೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ಮೈಯಲ್ಲಿ ಸಿಟ್ಟಿಗೂ ಜಾಗ ಉಳಿದಿರಲಿಲ್ಲ.

ಹೊರಗೆ ಗೇಟಿನ ನಲ್ಲಿಯಲ್ಲಿ ಜನ ಬೂಟಿನ ಮಣ್ಣು ತೊಳೆಯುತ್ತಿದ್ದರು. ಅಣ್ಣ ಅಲ್ಲೇ ನಿಂತಿದ್ದ. ಅವನ ಕಣ್ಣು ಊದಿಕೊಂಡಿತ್ತು. ಚಿಕ್ಕವನು ಬರುವುದನ್ನು ಕಂಡು ಕೋಲಿನ ಕಡೆ ತಿರುಗಿದ.

“ಇದು ಕಣ್ಣೆದುರಿಗೆ ಇರೋವರೆಗೂ ನನಗೆ ನಿದ್ದೆ ಬರಲ್ಲ,” ಎಂದ, ಎಲ್ಲರಿಗೂ ಕೇಳುವ ಹಾಗೆ. “ಹನ್ನೊಂದು ತಿಂಗಳು ಇದರ ಮುಂದೆ ಕೂತು ಕೊರಗಿದ್ಲು. ಇವತ್ತೇ ಕಿತ್ತು ಬಿಸಾಕ್ತೀನಿ.”

“ಇವತ್ತು ಬೇಡ ರೀ,” ಎಂದಳು ಅತ್ತಿಗೆ.

ಅವನು ಬಟ್ಟೆಯ ಪಟ್ಟಿ ಹರಿದು, ಕೋಲನ್ನು ಒಂದೇ ಕೈಯಲ್ಲಿ ಹಿಡಿದು ಎಳೆದ. ಬೇರಿಲ್ಲದ ಕೋಲು ಒಂದೇ ಎಳೆತಕ್ಕೆ ಬರಬೇಕಿತ್ತು. ಬರಲಿಲ್ಲ. ಎರಡೂ ಕೈ ಹಾಕಿದ. ಕಾಂಪೌಂಡಿಗೆ ಒಂದು ಕಾಲು ಕೊಟ್ಟು, ಮುಖ ಕೆಂಪಾಗುವ ಹಾಗೆ ಎಳೆದ. ಬುಡದ ಮಣ್ಣು ಬಿರುಕು ಬಿಟ್ಟಿತು, ಕೋಲು ಅಲುಗಲಿಲ್ಲ.

“ಜಪ್ಪಯ್ಯ ಅಂದ್ರೂ ಬರ್ತಿಲ್ಲವಲ್ಲೋ!” ಎಂದ ಸೋದರಮಾವ, ಇಡೀ ಬೀದಿಗೆ.

ಚಿಕ್ಕವನು ಇದ್ದಲ್ಲೇ ನಿಂತುಬಿಟ್ಟ. ಬೇರು ಬಿಟ್ಟರೆ ಮಾತ್ರ ಮಣ್ಣು ಹೀಗೆ ಹಿಡಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಇದೆ, ಎಂದಿದ್ದಳು ಅಮ್ಮ.

ಅಣ್ಣ ಹಿಡಿತ ಕೆಳಗೆ ಜಾರಿಸಲು ಬಗ್ಗಿದ. ಬಗ್ಗಿದವನು ಮೇಲೇಳಲಿಲ್ಲ. ಕಾಂಡದ ಒಂದು ಮಗ್ಗುಲಲ್ಲಿ, ಸ್ಟೂಲಿನ ಮೇಲೆ ಕೂತವರ ಕೈಗೆ ಎಟುಕುವ ಎತ್ತರದಿಂದ ಶುರುವಾಗಿ, ಉಗುರಿನಗಲದ ಗೀರುಗಳು ಒಂದರ ಕೆಳಗೊಂದು ಇಳಿದಿದ್ದವು. ತೊಗಟೆಯನ್ನು ಕೆರೆದು ನೋಡಿದ ಗೀರುಗಳು. ಮೇಲಿನವು ಒಣಗಿ ಕಂದಾಗಿದ್ದವು. ಇನ್ನೂ ಕೆಳಗಿನವೂ ಕಂದು. ಮೊಣಕಾಲಿನ ಕೆಳಗೆ ಒಂದು ಮಾಸಲು ಹಳದಿ. ಅದರ ಕೆಳಗೆ ಹಸಿರು. ಕೊನೆಯದು ನೆಲದಿಂದ ಗೇಣೆತ್ತರದಲ್ಲಿತ್ತು. ಸ್ಟೂಲಿನಿಂದ ಇಳಿದು, ಆ ಮಂಡಿಗಳನ್ನು ಮಡಚಿ, ಮಣ್ಣಿನಲ್ಲಿ ಕೂರದೆ ಅದನ್ನು ಗೀರಲು ಬರುವಂತಿರಲಿಲ್ಲ. ಅದು ಹಸಿಯಾಗಿತ್ತು, ವಾರವೂ ಆಗಿರಲಾರದು. ಅದರ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಒಂದು ಮೊಗ್ಗು, ಬೆಳ್ಳಗೆ ನುಣ್ಣನೆಯ ರೋಮ ಹೊದ್ದು ಉಬ್ಬಿತ್ತು.

“ಏನಿದು?” ಎಂದ ಅಣ್ಣ.

“ಅವಳ ಉಗುರು,” ಎಂದಳು ಜೋಡಿ ಚಿಕ್ಕಮ್ಮ. “ಒಳಗೆ ಹಸಿರಿದೆಯಾ, ಜೀವ ಇದೆಯಾ ಅಂತ ನೋಡೋದು ಹಾಗೇ.”

ಅಣ್ಣ ಒಗೆದ ಪ್ಯಾಂಟಿನಲ್ಲೇ ಮಣ್ಣಿಗೆ ಮೊಣಕಾಲೂರಿದ. ತನ್ನ ಹೆಬ್ಬೆರಳನ್ನು ಕೊನೆಯ ಗೀರಿನ ಮೇಲಿಟ್ಟ. ತೆಗೆದು, ಬೆರಳು ನೋಡಿಕೊಂಡ.

“ಕೊರಗ್ತಿರಲಿಲ್ಲ,” ಎಂದ ತನಗೆ ತಾನೇ. “ನೋಡ್ತಿದ್ಲು.”

ನಲ್ಲಿಯ ನೀರು ಹಾಗೆಯೇ ಸುರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ. ಅವನು ತಲೆಯೆತ್ತಿ ತಮ್ಮನನ್ನು ನೋಡಿದ. ಈ ಸಲ ದನಿಯಲ್ಲಿ ಜೋರಿರಲಿಲ್ಲ.

“ಇದು ಬದುಕುತ್ತೆ ಅಂತ ಅವಳಿಗೆ ಗೊತ್ತಿತ್ತಾ? ಏ… ಅವಳೇ ಕೀಳಿಸಿದ್ಲೇನೋ? ಯಾಕೆ? ಹೂ ಬರೋ ಹೊತ್ತಲ್ಲಿ ಯಾಕೆ ಕೀಳಿಸಿದ್ಲು?”

ಜೋಡಿ ಚಿಕ್ಕಮ್ಮ ಬಾಯಿ ತೆರೆದಳು. ಚಿಕ್ಕವನು ಅವಳ ಕಡೆ ನೋಡಿದ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಅವನು ಮುಂದೆ ಬಂದ. ಅಣ್ಣನ ಎಳೆತಕ್ಕೆ ಬಿರಿದಿದ್ದ ಮಣ್ಣನ್ನು ಕಾಲಿನಿಂದ ಬುಡಕ್ಕೆ ಸರಿಸಿ, ಹಿಮ್ಮಡಿಯಿಂದ ಸುತ್ತ ತುಳಿದ. ಒಂದು ಸುತ್ತು, ಮತ್ತೆ ಇನ್ನೊಂದು ಸುತ್ತು. ಹರಿದ ಪಟ್ಟಿಯನ್ನು ಎತ್ತಿ, ಗಂಟು ಹಾಕಿ, ಕೋಲನ್ನು ಪೈಪಿಗೆ ಕಟ್ಟಿದ. ಆಮೇಲೆ ನಲ್ಲಿ ನಿಲ್ಲಿಸಿ, ಗೇಟು ತೆರೆದು ಹೊರಟ.

“ಕೇಳ್ತಿದ್ದೀನಲ್ಲ. ಹೇಳೋ.”

ಗೇಟು ಹಾಕಿಕೊಂಡ ಸದ್ದಾಯಿತು. ಅಣ್ಣ ಇನ್ನೂ ಮೊಣಕಾಲಿನ ಮೇಲೆಯೇ ಇದ್ದ.

“ಏ, ನಿನ್ನನ್ನೇ ಕಣೋ!”

ಚಿಕ್ಕವನು ತಿರುಗಲಿಲ್ಲ. ಬೀದಿಯ ಕೊನೆಯವರೆಗೂ ನಡೆದ. ಒಂದೊಂದು ಹೆಜ್ಜೆಗೂ ಜೇಬಿನ ಕತ್ತರಿ ತೊಡೆಗೆ ಬಡಿಯುತ್ತಿತ್ತು.